ದೊರೆಯ ಮೈಕಟ್ಟು

ಜನವರಿ 20

ಮಾವನವರಿಗೆ ನಮಸ್ಕಾರ.

ಮೊದಲು ನಗುವ ಸುದ್ದಿ ಹೇಳಿಬಿಡುತ್ತೇನೆ. ನಮ್ಮ ಗಿಡ್ಡ ಕೋಳಿ ಸಂಘದ ಕಾರ್ಯದರ್ಶಿ ಮೊನ್ನೆ ನನ್ನ ಹೊಲಿಗೆ ಅಂಗಡಿಗೆ ಬಂದಿದ್ದರು, ಪ್ಯಾಂಟಿನ ಸೊಂಟ ಬಿಡಿಸಲಿಕ್ಕೆ. ಅಳತೆ ತೆಗೆಯುತ್ತಿದ್ದಾಗ ಹೇಳಿದರು: "ಈ ವರ್ಷ ನಿಮ್ಮ ಹಕ್ಕಿಗಳನ್ನ ಪ್ರದರ್ಶನಕ್ಕೆ ತರಬಹುದು ನೋಡಿ. ತೀರ್ಪುಗಾರರ ಮನೆಯವರು ಸ್ಪರ್ಧೆಗೆ ಬರಬಾರದು ಅನ್ನೋದು ನಿಯಮ. ನೀವೀಗ ನಮ್ಮ ತೀರ್ಪುಗಾರರ ಸೊಸೆ ಅಲ್ಲವಲ್ಲ." ಹೇಳಿದ ಮೇಲೆ ಪಾಪ ನಾಲಿಗೆ ಕಚ್ಚಿಕೊಂಡರು. ನಾನು ಟೇಪನ್ನು ಸ್ವಲ್ಪ ಬಿಗಿಯಾಗಿಯೇ ಎಳೆದೆ.

ನಿಮ್ಮ ಮಗನಿಂದ ಬೇರೆಯಾದದ್ದಕ್ಕೆ ಇದೊಂದಾದರೂ ಲಾಭ ಸಿಕ್ಕಿತು ಎಂದುಕೊಳ್ಳೋಣ. ಆ ವಿಷಯ ಅಲ್ಲಿಗೇ ಸಾಕು.

ಹಾಗಾಗಿ ನನ್ನ ಹುಂಜ ದೊರೆಯನ್ನು ತರುತ್ತಿದ್ದೇನೆ. ನಾನು ಆ ಮನೆಯಿಂದ ಹೊರಟ ದಿನ ನೀವು ಬುಟ್ಟಿಯಲ್ಲಿಟ್ಟು ಕೊಟ್ಟಿರಲ್ಲ, ಅತ್ತೆಯ ಕೋಳಿಗಳು, ಅವುಗಳ ಮೊಮ್ಮಗ ಇವನು. ಅತ್ತೆ ಬದುಕಿದ್ದಾಗ ಬಾಯಿಪಾಠ ಮಾಡಿಸುತ್ತಿದ್ದ ಮೈಕಟ್ಟೆಲ್ಲ ಇವನಲ್ಲಿದೆ. ಬೆನ್ನು ಗಿಡ್ಡ, ಎದೆ ಮುಂದಕ್ಕೆ ತುಂಬಿಕೊಂಡಿದೆ, ಬಾಲ ತಲೆಗಿಂತ ಎತ್ತರ, ರೆಕ್ಕೆಯ ತುದಿ ನೆಲ ಸವರುತ್ತದೆ. ಪುಕ್ಕ ಬಿಗಿ, ಅಳತೆಗೆ ಹೊಲಿದ ಕೋಟಿನ ಹಾಗೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನೀವು ಅನ್ನುತ್ತೀರಿ. ಅನ್ನಿ, ಕೈಗೆ ತೆಗೆದುಕೊಂಡ ಮೇಲೆ ಅನ್ನಿ.

ಅತ್ತೆಯ ತಳಿ ಈಗ ನನ್ನ ಗೂಡು ಬಿಟ್ಟರೆ ಬೇರೆಲ್ಲೂ ಇಲ್ಲ. ಅದಕ್ಕೇ ಈ ಹೆದರಿಕೆ. ಆರೋಗ್ಯ ನೋಡಿಕೊಳ್ಳಿ. ಊಟ ಹೊತ್ತಿಗೆ ಸರಿಯಾಗಿ ಮಾಡಿ.

ನಿಮ್ಮ
ಸೂಜಿ


ಫೆಬ್ರವರಿ 15

ಸೂಜಿಗೆ ಆಶೀರ್ವಾದಗಳು.

ಪ್ರದರ್ಶನದ ದಿನ ಮಾತಾಡಿಸಲಿಲ್ಲ ಎಂದು ಮುನಿಸಿಕೊಂಡಿರುತ್ತೀಯ. ತೀರ್ಪುಗಾರ ಮೇಜಿನ ಆಚೆ, ಸಾಕಿದವರು ಈಚೆ. ನಿನ್ನ ಅತ್ತೆ ಬದುಕಿದ್ದಾಗ, ಸುಮ್ಮನೆ ನೋಡಲು ಬಂದ ಅವಳನ್ನೂ ಪ್ರದರ್ಶನದ ಹಾಲ್‌ನೊಳಗೆ ಮಾತಾಡಿಸುತ್ತಿರಲಿಲ್ಲ. ಆಮೇಲೆ ಮನೆಗೆ ಬಂದು ಬೈಸಿಕೊಳ್ಳುತ್ತಿದ್ದೆ.

ಈಗ ದೊರೆಯ ವಿಚಾರ. ನಿಲುವು ಚೆನ್ನಾಗಿದೆ, ಬಾಲ ಚೆನ್ನಾಗಿದೆ. ಆದರೆ ಎದೆ ಖಾಲಿ. ಕೈಯಲ್ಲಿ ಹಿಡಿದರೆ ತುಂಬಿದ ಹಾಗೆ ಅನ್ನಿಸಲೇ ಇಲ್ಲ. ಬಹುಮಾನ ಕೊಡದೆ ಬಿಟ್ಟದ್ದು ಅದಕ್ಕೇ. ನೀನು ಅವನನ್ನು ದಿನಾ ನೋಡುತ್ತೀಯ, ಮೋಹ ಕಣ್ಣಿಗೆ ಕಟ್ಟಿದೆ. ಫೋಟೋ ಸ್ಟುಡಿಯೋದವರ ಹುಂಜ ನೋಡು, ಅದಕ್ಕೆ ಮೊದಲ ಸ್ಥಾನ ಕೊಟ್ಟೆ. ಎದೆ ಹೇಗೆ ಉರುಟಾಗಿ ನಿಂತಿದೆ! ನನ್ನ ಮಾತು ಕೇಳುವುದಾದರೆ ದೊರೆಯನ್ನೂ ಅವನ ಅಣ್ಣತಮ್ಮಂದಿರನ್ನೂ ತಳಿಯಿಂದ ತೆಗೆ. ಸ್ಟುಡಿಯೋದವರಿಂದ ಒಂದು ಹುಂಜ ತಂದು ನಿನ್ನ ಹೇಟೆಗಳ ಜೊತೆ ಬಿಡು. ಅತ್ತೆಯ ತಳಿಯಲ್ಲಿ ಎದೆ ಸೋತರೆ ಆಮೇಲೆ ಹಿಂದಕ್ಕೆ ತರುವುದು ಕಷ್ಟ.

ಅಕ್ಷರ ಸೊಟ್ಟಗಿದೆ ಎಂದು ನಗಬೇಡ. ಟೀ ಪಾತ್ರೆ ಇಳಿಸುವಾಗ ಬೆರಳು ಸುಟ್ಟುಕೊಂಡೆ. ಗಮನ ಎಲ್ಲೋ ಇತ್ತು, ವಾಸನೆ ಬಂದ ಮೇಲೆ ನೋಡಿಕೊಂಡೆ. ಮುದಿತನ.

ಇತಿ,
ಮಾವ


ಮಾರ್ಚ್ 18

ಮಾವನವರಿಗೆ ನಮಸ್ಕಾರ.

ಉತ್ತರ ತಡವಾಯಿತು. ಶಾಲೆಗಳ ಸಮವಸ್ತ್ರದ ಕೆಲಸ ಬಂದಿತ್ತು ಎಂದು ಸುಳ್ಳು ಹೇಳಬಹುದು, ಹೇಳುವುದಿಲ್ಲ. ನಿಮ್ಮ ಪತ್ರ ಓದಿ ಸಿಟ್ಟು ಬಂತು. ಅಲ್ಲ ಮಾವ, ತೂಕ-ಅಳತೆ ಇಲಾಖೆಯಲ್ಲಿ ಜೀವಮಾನ ಕಳೆದವರು ನೀವು. ಸಂಘದವರು ನಿಮ್ಮನ್ನು ತಕ್ಕಡಿ ಎಂದು ಸುಮ್ಮನೆ ಕರೆಯುತ್ತಾರೆಯೇ? ಸೊಸೆಯಾಗಿದ್ದವಳಿಗೆ ಬಹುಮಾನ ಕೊಟ್ಟರೆ ನಾಲ್ಕು ಜನ ಆಡಿಕೊಳ್ಳುತ್ತಾರೆ ಎಂದು ಬೇಕೆಂದೇ ಇಳಿಸಿದಿರಿ ಎಂದುಕೊಂಡೆ. ಈಗಲೂ ಅರ್ಧ ಹಾಗೆಯೇ ಅನ್ನಿಸುತ್ತದೆ.

ಆದರೂ ದೊರೆಯನ್ನು ಎತ್ತಿಕೊಂಡು, ನೀವು ಕಲಿಸಿದ ಹಾಗೆ ಎದೆಮೂಳೆ ಅಂಗೈ ಮೇಲೆ, ಅವನ ಕಾಲುಗಳನ್ನು ನನ್ನ ಕೈಬೆರಳುಗಳ ನಡುವೆ ಹಿಡಿದು ನೋಡಿದೆ. ನನ್ನ ಕೈಗೆ ತುಂಬಿದ ಹಾಗೆಯೇ ಇತ್ತು. ಮತ್ತೆ ನೋಡಿದೆ. ತುಂಬಿತ್ತು. ಆಮೇಲೆ ಯೋಚಿಸಿದೆ, ನನ್ನ ಕೈ ಎಷ್ಟು ಕೋಳಿ ಹಿಡಿದಿದೆ, ನಿಮ್ಮ ಕೈ ಎಷ್ಟು ಹಿಡಿದಿದೆ? ಎದೆ ಖಾಲಿ ಎಂದು ತಕ್ಕಡಿಯೇ ಹೇಳಿದ ಮೇಲೆ ನನ್ನದು ಮೋಹವೇ ಇರಬೇಕು.

ನೀವು ಹೇಳಿದ ಹಾಗೇ ಮಾಡಿದ್ದೇನೆ. ಪಕ್ಕದ ಬೀದಿಯ ಬೇಕರಿಯವರಿಗೆ ಹಿತ್ತಲಿದೆ. "ಶೋಗೆ ಆಗಲ್ಲ, ಸುಮ್ನೆ ಸಾಕ್ಕೊಳಿ" ಎಂದು ದೊರೆಯನ್ನೂ ಅವನ ಅಣ್ಣತಮ್ಮಂದಿರನ್ನೂ ಕೊಟ್ಟೆ. ಬುಟ್ಟಿಯಿಂದ ಇಳಿಯುವಾಗ ದೊರೆ ಎದೆಯುಬ್ಬಿಸಿ ಹಿತ್ತಲೆಲ್ಲ ತನ್ನದೇ ಎಂಬಂತೆ ಒಂದು ಸುತ್ತು ಹಾಕಿದ. ನಾನು ತಿರುಗಿ ನೋಡದೆ ಬಂದೆ. ಸ್ಟುಡಿಯೋದವರ ಹುಂಜ ಈಗ ನನ್ನ ಗೂಡಿನಲ್ಲಿದ್ದಾನೆ, ಮೈತುಂಬ ಪುಕ್ಕ, ಹತ್ತಿ ದಿಂಬಿನ ಹಾಗೆ.

ಸುಟ್ಟ ಬೆರಳಿಗೆ ಮುಲಾಮು ಹಚ್ಚಿದಿರಾ? ಗಮನ ಎಲ್ಲಿಟ್ಟು ಅಡುಗೆ ಮಾಡುತ್ತೀರಿ? ಮಾಡುವವರು ಒಬ್ಬರನ್ನು ಇಟ್ಟುಕೊಳ್ಳಿ ಎಂದರೆ ಕೇಳುವುದಿಲ್ಲ.

ಸೂಜಿ


ಏಪ್ರಿಲ್ 9

ಸೂಜಿಗೆ,

ನಾನು ಕೋಳಿಗೆ ತೀರ್ಪು ಕೊಡುತ್ತೇನೆ, ಕೋಳಿ ತಂದವರಿಗೆ ಕೊಡುವುದಿಲ್ಲ. ಇನ್ನೊಮ್ಮೆ ಹಾಗೆ ಬರೆದರೆ ಉತ್ತರ ಬರೆಯುವುದಿಲ್ಲ.

ನಿನ್ನ ಕೈಗೆ ತುಂಬಿದ ಹಾಗಿತ್ತು ಎಂದು ಬರೆದಿದ್ದೀಯ. ಸರಿಯಾಗಿ ಹಿಡಿದಿದ್ದೆಯಾ? ಇರಲಿ ಬಿಡು, ಕೊಟ್ಟಾಯಿತಲ್ಲ. ಬೇಕರಿ ಹತ್ತಿರದಲ್ಲೇ ಇದೆಯೇ? ಅವರು ಕೋಳಿಗಳನ್ನು ಚೆನ್ನಾಗಿ ನೋಡಿಕೊಳ್ಳುವ ಜನ ತಾನೇ? ಸುಮ್ಮನೆ ಕೇಳಿದೆ.

ಇಲ್ಲಿ ಒಂದು ತಮಾಷೆ. ಪೇಟೆಗೆ ಹೋಗಿ ಮನೆಗೆ ಬಂದು ನೋಡಿದರೆ ಒಂದು ಕಾಲಲ್ಲಿ ಚಪ್ಪಲಿಯೇ ಇಲ್ಲ. ದಾರಿಯಲ್ಲಿ ಎಲ್ಲಿ ಬಿತ್ತೋ ಏನೋ. ಪಕ್ಕದ ಮನೆಯವರು "ಏನ್ ಸಾರ್, ಅರ್ಧ ಸನ್ಯಾಸ ತಗೊಂಡ್ರಾ" ಎಂದು ನಕ್ಕರು. ನಾನೂ ನಕ್ಕೆ.

ಮರಿಗಳು ಬಂದಾಗ ತಿಳಿಸು.

ಮಾವ


ಸೆಪ್ಟೆಂಬರ್ 6

ಮಾವನವರಿಗೆ,

ಇಷ್ಟು ದಿನ ಬರೆಯದೆ ಇದ್ದದ್ದು ಮರಿಗಳ ಕಾರಣಕ್ಕೆ. ನೋಡಲಿಕ್ಕೆ ಎಲ್ಲವೂ ಚಂದವೇ. ಚೆಂಡಿನ ಹಾಗೆ ಉರುಟು. ಬಂದವರೆಲ್ಲ "ಆಹಾ, ಏನು ಎದೆ!" ಎನ್ನುತ್ತಿದ್ದರು. ನನಗೆ ಮಾತ್ರ ಎತ್ತಿಕೊಂಡಾಗಲೆಲ್ಲ ಏನೋ ಕಸಿವಿಸಿ. ಮತ್ತೆ ಅದೇ ಸಮಾಧಾನ: ನನ್ನ ಕೈಗೆ ಏನು ಗೊತ್ತು?

ನಿನ್ನೆ ಎಲ್ಲಕ್ಕಿಂತ ಚಂದದ ಹುಂಜದ ಮರಿಗೆ ಸ್ನಾನದ ಅಭ್ಯಾಸ ಮಾಡಿಸಿದೆ. ಪ್ರದರ್ಶನಕ್ಕೆ ಮುಂಚೆ ತೊಳೆಯುವಾಗ ಗಾಬರಿಯಾಗಬಾರದಲ್ಲ, ಅದಕ್ಕೆ. ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ಮುಳುಗಿಸಿ ಎತ್ತಿದೆ. ಪುಕ್ಕವೆಲ್ಲ ಮೈಗೆ ಅಂಟಿತು. ಮಾವ, ಒಳಗೆ ಏನೂ ಇರಲಿಲ್ಲ. ಎದೆಮೂಳೆ ಚಾಕುವಿನ ಅಲಗಿನ ಹಾಗೆ ಎದ್ದು ನಿಂತಿತ್ತು. ಉಳಿದವನ್ನೂ ಒಂದೊಂದಾಗಿ ತೊಳೆದೆ. ಎಲ್ಲವೂ ಅದೇ. ಬಚ್ಚಲಲ್ಲಿ ಒದ್ದೆ ಕೋಳಿಗಳ ಮಧ್ಯೆ ಕೂತು ಅತ್ತುಬಿಟ್ಟೆ.

ಕೈ ಒರೆಸಿಕೊಂಡು ಬೇಕರಿಗೆ ಓಡಿದೆ. ದೊರೆಯನ್ನು ವಾಪಸ್ ಕೇಳೋಣ, ಕಾಲಿಗೆ ಬಿದ್ದಾದರೂ ತರೋಣ ಎಂದು. ಬೇಕರಿಯವರು ಬ್ರೆಡ್ಡಿನ ತಟ್ಟೆ ಎಳೆಯುತ್ತಾ ಹೇಳಿದರು: "ಅಯ್ಯೋ, ಅವು ಎಲ್ಲಿವೆ ಅಕ್ಕಾ? ಬೇಸಿಗೇಲಿ ನಮ್ಮ ಭಾವಮೈದುನರು ಬಂದಿದ್ರಲ್ಲ, ಆಗ್ಲೇ ಆಯ್ತು. ಶೋಗೆ ಆಗಲ್ಲ ಅಂತ ನೀವೇ ಅಂದಿದ್ರಿ." ನನ್ನ ಸಮಾಧಾನಕ್ಕೆಂದು ಇನ್ನೊಂದು ಮಾತು ಸೇರಿಸಿದರು: "ಗೇಣುದ್ದ ಇತ್ತು ಅಷ್ಟೇ ಆ ಹುಂಜ. ಆದ್ರೂ ಎದೆ ತುಂಬಾ ಮಾಂಸ ಕಣಕ್ಕಾ. ನಮ್ಮನೆಯವಳು ಕೊಯ್ಯೋವಾಗ ಆಶ್ಚರ್ಯಪಟ್ಟಳು."

ಅವರ ಮೇಲೆ ನನಗೆ ಸಿಟ್ಟಿಲ್ಲ. ಕೊಟ್ಟವಳು ನಾನು.

ಮನೆಗೆ ಬಂದು ನಿಮ್ಮ ಹಳೆಯ ಪತ್ರಗಳನ್ನು ಹರಡಿಕೊಂಡೆ. ಬೆರಳು ಸುಟ್ಟದ್ದು ವಾಸನೆಯಿಂದ ಗೊತ್ತಾಯಿತು. ಚಪ್ಪಲಿ ಬಿದ್ದದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು. ಪೆನ್ನು ಎಷ್ಟು ಒತ್ತಿದ್ದೀರೆಂದರೆ ಹಾಳೆ ತೂತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಬಿಗಿ ಪುಕ್ಕದ ದೊರೆ ಕಣ್ಣಿಗೆ ಸಣ್ಣಗೆ ಕಂಡ, ಖಾಲಿ ಎಂದಿರಿ. ಸಡಿಲ ಪುಕ್ಕದ್ದು ಕಣ್ಣಿಗೆ ತುಂಬಿ ಕಂಡಿತು, ಮೊದಲ ಸ್ಥಾನ ಕೊಟ್ಟಿರಿ. ಪುಕ್ಕ ಸುಳ್ಳು ಹೇಳುತ್ತೆ, ಮೂಳೆ ಹೇಳಲ್ಲ ಎಂದು ನನಗೆ ಕಲಿಸಿದ್ದು ನೀವೇ.

ನಿಮ್ಮ ಕೈಗೆ ಏನಾಗಿದೆ ಮಾವ? ಯಾವಾಗಿನಿಂದ?

ಸೂಜಿ


ಅಕ್ಟೋಬರ್ 4

ಸೂಜಿಗೆ,

ಒದ್ದೆಯಾದ ಯಾವ ಎಳೆ ಮರಿಯೂ ಬಡಕಲಾಗಿಯೇ ಕಾಣುತ್ತದೆ. ಬೇಕರಿಯವನ ಹೆಂಡತಿ ಯಾವಾಗಿನಿಂದ ತೀರ್ಪುಗಾರಳಾದಳು?

ಮೇಲಿನದನ್ನು ಮೊನ್ನೆ ಬರೆದಿದ್ದೆ. ಹರಿದುಹಾಕೋಣ ಎಂದುಕೊಂಡೆ, ಹಾಗೇ ಇರಲಿ, ನಾನು ಎಂಥವನೆಂದು ನಿನಗೂ ತಿಳಿದಿರಲಿ.

ಸಕ್ಕರೆ ಕಾಯಿಲೆ. ಬಹಳ ದಿನದ್ದು. ಮೊದಲು ಕಾಲು ಜೋಮು ಹಿಡಿದ ಹಾಗಾಯಿತು, ಆಮೇಲೆ ಕೈ. ಡಾಕ್ಟರು ನರ ಸತ್ತಿದೆ ಎಂದರು. ಆದರೆ ಕಣ್ಣಿದೆಯಲ್ಲ! ನೂರಾರು ಹಕ್ಕಿ ನೋಡಿದ ಕಣ್ಣು. ಹತ್ತರಲ್ಲಿ ಒಂಬತ್ತು ಸರಿಯಾಗಿಯೇ ಹೇಳುತ್ತೇನೆ. ಮುಂದಿನ ತಿಂಗಳ ದೊಡ್ಡ ಪ್ರದರ್ಶನಕ್ಕೆ ನನ್ನನ್ನೇ ಕರೆದಿದ್ದಾರೆ, ಒಪ್ಪಿಕೊಂಡಿದ್ದೇನೆ. ಇನ್ನೊಂದು ವರ್ಷ, ಅಷ್ಟೇ.

ನೀನು ಬಿಡಿ ಎನ್ನುತ್ತೀಯ, ಗೊತ್ತು. ಬಿಟ್ಟರೆ ಏನು ಉಳಿಯುತ್ತದೆ ಹೇಳು. ನನ್ನ ಮನೆಗೆ ಫೋನು ಬರುವುದು ಕೋಳಿ ಸಾಕುವವರಿಂದ. ಮಗ ಹೊಸ ಸಂಸಾರದಲ್ಲಿದ್ದಾನೆ, ಅವನ ದಾರಿ ಅವನದು. ಪತ್ರ ಬರುವುದು ನಿನ್ನಿಂದ ಮಾತ್ರ, ಅದೂ ಕೋಳಿಯ ನೆಪದಲ್ಲಿ. ತಕ್ಕಡಿ ಮುರಿದಿದೆ ಎಂದು ಗೊತ್ತಾದ ದಿನ ಅದನ್ನು ಮನೆಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ನೀನು ನನ್ನ ಸೊಸೆಯೂ ಅಲ್ಲವಂತೆ, ಸಂಘದವರೇ ಹೇಳಿದ್ದಾರೆ. ಯಾವ ಋಣಕ್ಕೆ ನನಗೆ ಬರೆಯುತ್ತೀಯ?

ಯಾರಿಗೂ ಹೇಳಬೇಡ. ಬೇಡಿಕೊಳ್ಳುತ್ತೇನೆ.

ಮಾವ


ಅಕ್ಟೋಬರ್ 12

ಮಾವನವರಿಗೆ,

ಹತ್ತರಲ್ಲಿ ಒಂದು ತಪ್ಪು ಎಂದಿರಿ. ಆ ಒಂದು ನನ್ನ ದೊರೆ. ನಿಮ್ಮ ಹೆಂಡತಿ ಆಯುಸ್ಸೆಲ್ಲ ಕೂತು ಕಟ್ಟಿದ್ದನ್ನು ಬೇಕರಿಯವರ ನೆಂಟರು ಉಂಡು ಕೈ ತೊಳೆದರು. ಅಂದಮೇಲೆ ಬೇರೆಯವರ ಮನೆಯಲ್ಲಿ ಏನಾಗಿದೆ? ನೀವು ಬರೆದು ಕೊಡುವ ನಾಲ್ಕು ಸಾಲನ್ನು ಜನ ಕಣ್ಣಿಗೊತ್ತಿಕೊಂಡು, ಮನೆಗೆ ಹೋಗಿ ಕತ್ತು ಮುರಿಯುತ್ತಾರೆ. ಅದು ನಿಮಗೆ ಗೊತ್ತು. ಗೊತ್ತಿದ್ದೂ ಆ ಮೇಜಿನ ಹಿಂದೆ ನಿಲ್ಲುತ್ತೀರಾ?

ನಾನು ಬಾಯಿ ಬಿಡುವುದಿಲ್ಲ, ಹೆದರಬೇಡಿ. ಕಾರ್ಯದರ್ಶಿಗೂ ಹೇಳುವುದಿಲ್ಲ. ಅದು ನಿಮ್ಮ ಕೆಲಸ. ನಾನು ಅಲ್ಲಿಗೆ ಬರುವುದೂ ಇಲ್ಲ, ನಿಮ್ಮನ್ನು ತೀರ್ಪುಗಾರರ ಆ ಕೋಟಿನಲ್ಲಿ ನೋಡುವುದು ನನ್ನಿಂದಾಗದು. ನೀವು ತೀರ್ಪು ಕೊಟ್ಟಿರಿ ಎಂದು ಕೇಳಿದ ದಿನ ನಿಮಗೂ ನನಗೂ ಮಾತು ಮುಗಿಯಿತು.

ಋಣ ಎಂದು ಕೇಳಿದಿರಲ್ಲ. ಅದಕ್ಕೆ ಈಗ ಉತ್ತರ ಹೇಳುವ ಸ್ಥಿತಿಯಲ್ಲಿ ನಾನಿಲ್ಲ.

ಸೂಜಿ


ಡಿಸೆಂಬರ್ 2

ಸೂಜಿಗೆ,

ನಿನ್ನ ಪತ್ರ ಜೇಬಿನಲ್ಲಿಟ್ಟುಕೊಂಡೇ ಹೋದೆ. ಹಠ. ಹಾಲ್ ಜನರಿಂದ ಗಿಜಿಗುಟ್ಟುತ್ತಿತ್ತು. ಸಹಾಯಕ ಮೊದಲ ಗೂಡಿನಿಂದ ಒಂದು ಹೇಟೆಯನ್ನು ತೆಗೆದು ನನ್ನ ಕೈಗಿಟ್ಟ. ಹಿಂದೆ ನಾನು ಕಣ್ಣು ಮುಚ್ಚಿಕೊಂಡೇ ನೋಡುತ್ತಿದ್ದೆ, ನಿನಗೆ ನೆನಪಿದೆ. ಎರಡು ವರ್ಷದಿಂದ ಕಣ್ಣು ಮುಚ್ಚುವುದನ್ನು ಬಿಟ್ಟಿದ್ದೆ. ಅವತ್ತು ಮುಚ್ಚಿದೆ. ಏನೋ ಭಾರ ಇದೆ ಎಂದು ಮೊಣಕೈಗೆ ಗೊತ್ತಾಗುತ್ತಿತ್ತು, ಅಷ್ಟೇ. ತಲೆ ಯಾವ ಕಡೆ, ಕಾಲು ಯಾವ ಕಡೆ, ದೇವರೇ, ತಿಳಿಯಲಿಲ್ಲ. ನಾನು ಹಿಡಿದ ಬಿಗಿಗೆ ಹೇಟೆ ಕೀರಲು ದನಿಯಲ್ಲಿ ಕೂಗಿತು. ಕಣ್ಣು ಬಿಟ್ಟು ನೋಡಿದರೆ ಅದರ ರೆಕ್ಕೆ ನನ್ನ ಹೆಬ್ಬೆರಳಡಿ ಮಡಿಸಿಹೋಗಿತ್ತು.

ಅದನ್ನು ಕೆಳಗಿಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ನನ್ನ ಕೈ ಸತ್ತಿದೆ. ಈ ವರ್ಷದ್ದು, ಹೋದ ವರ್ಷದ್ದು, ನಾನು ಹೇಳಿದ್ದನ್ನ ನಂಬಬೇಡಿ. ಮನೇಲಿರೋದನ್ನ ಮತ್ತೆ ಮುಟ್ಟಿ ನೋಡಿ."

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ನಿವೃತ್ತ ನರ್ಸ್ ಗೊತ್ತಲ್ಲ, ಕಪ್ಪು ಹಕ್ಕಿ ಸಾಕುವವರು, ಅವರು ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಹಾಗಾದ್ರೆ ನೀವು ತೆಗೀರಿ ಅಂದ ನನ್ನ ಆ ಕಪ್ಪು ಹುಂಜ ಸರಿಯಾಗೇ ಇತ್ತಾ, ಸಾರ್?" ಇತ್ತು ಎನ್ನಲೋ, ಇಲ್ಲ ಎನ್ನಲೋ? ನನಗೆ ಗೊತ್ತಿಲ್ಲ ಎಂದೆ. ಅವರು ತಲೆಯಾಡಿಸಿ ತಮ್ಮ ಗೂಡಿನ ಹತ್ತಿರ ಹೋಗಿ ಕೂತರು. ಆ ಮುಖ ನನ್ನನ್ನು ಬಿಡುತ್ತಿಲ್ಲ.

ಅಲ್ಲಿಂದೀಚೆಗೆ ಫೋನು ಬಂದಿಲ್ಲ.

ದೊರೆಯ ವಿಷಯದಲ್ಲಿ ಕ್ಷಮಿಸು ಎಂದು ಕೇಳಲು ಬಾಯಿಲ್ಲ. ನಿನ್ನ ಅತ್ತೆ ಇದ್ದಿದ್ದರೆ ನನ್ನನ್ನು ಗೂಡಿಗೆ ಹಾಕಿ ಬೀಗ ಜಡಿಯುತ್ತಿದ್ದಳು.

ಮಾವ


ಡಿಸೆಂಬರ್ 19

ಮಾವನವರಿಗೆ ನಮಸ್ಕಾರ.

ಕ್ಷಮಿಸಿಲ್ಲ. ಸುಳ್ಳು ಹೇಳಿ ನಿಮ್ಮನ್ನು ಸಮಾಧಾನ ಮಾಡುವುದಿಲ್ಲ. ಅತ್ತೆಯ ತಳಿಯಲ್ಲಿ ಈಗ ನನ್ನ ಬಳಿ ಉಳಿದಿರುವುದು ಮುದಿ ಹೇಟೆಗಳು ಮಾತ್ರ. ಮೊಟ್ಟೆ ನಿಲ್ಲಿಸಿವೆ. ಮತ್ತೆ ಇಡುತ್ತವೋ ಇಲ್ಲವೋ, ಇಟ್ಟರೂ ಅವಕ್ಕೆ ತಕ್ಕ ಹುಂಜ ಎಲ್ಲಿದೆ? ಗೂಡಿಗೆ ಕಾಳು ಹಾಕುವಾಗ ದಿನಾ ನಿಮ್ಮ ಮೇಲೆ ಸಿಟ್ಟು ಬರುತ್ತದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚು ಬರುತ್ತದೆ. ಎರಡು ಸಲ ಮುಟ್ಟಿ ನೋಡಿ, ತುಂಬಿದೆ ಎಂದು ಗೊತ್ತಾಗಿ, ಆದರೂ ಕೊಟ್ಟುಬಿಟ್ಟೆನಲ್ಲ! ನನ್ನ ಕೈಯನ್ನು ನಾನೇ ನಂಬದಿದ್ದರೆ ಇನ್ಯಾರು ನಂಬುತ್ತಾರೆ?

ನೀವು ಎದ್ದು ನಿಂತು ಹೇಳಿದಿರೆಂದು ಕಾರ್ಯದರ್ಶಿಯವರೂ ಬಂದು ಹೇಳಿದರು. ಅವರು ಹೋದ ಮೇಲೆ ನಿಮ್ಮ ಪತ್ರವನ್ನು ಮತ್ತೊಮ್ಮೆ ಓದಿದೆ.

ಈಗ ನನ್ನದೊಂದು ಷರತ್ತು. ನಾನಾಗಿ ಕೇಳುವವರೆಗೆ ಕೋಳಿಯ ವಿಷಯ ಬರೆಯಬೇಡಿ, ಒಂದಕ್ಷರವೂ ಬೇಡ. ಆದರೆ ಬರೆಯಿರಿ. ಏನು ಉಂಡಿರಿ, ಡಾಕ್ಟರು ಏನೆಂದರು, ಕಾಲಿಗೆ ಗಾಯ ಆಗಿದೆಯೋ ಇಲ್ಲವೋ ದಿನಾ ಕೂತು ನೋಡಿಕೊಳ್ಳುತ್ತೀರೋ ಇಲ್ಲವೋ, ಅದನ್ನು ಬರೆಯಿರಿ. ಕೋಳಿಯ ನೆಪ ಇಲ್ಲದೆ ನಮ್ಮಿಬ್ಬರ ನಡುವೆ ಏನಾದರೂ ಇದೆಯೋ ಇಲ್ಲವೋ ನೋಡಿಯೇಬಿಡೋಣ.

ಸೂಜಿ


ಜನವರಿ 11

ಸೂಜಿಗೆ,

ಪಕ್ಕದ ಮನೆಯವರ ಕೈಯಲ್ಲಿ ಬರೆಸೋಣ ಎಂದುಕೊಂಡೆ. ಈ ಪತ್ರ ಬೇರೆಯವರಿಂದ ಬರೆಸುವಂಥದ್ದಲ್ಲ, ಅದಕ್ಕೇ ಅಕ್ಷರ ಹೀಗಿದೆ, ಸಹಿಸಿಕೊಂಡು ಓದು.

ಬೆಳಗ್ಗೆ ಬ್ರೆಡ್ಡು ತಿಂದೆ. ಮಧ್ಯಾಹ್ನ ಅನ್ನ, ತರಕಾರಿ. ಅಡುಗೆಗೆ ಒಬ್ಬರು ಬರುತ್ತಾರೆ ಈಗ, ಉಪ್ಪು ಹಾಕುವುದೇ ಇಲ್ಲ ಮಹಾತಾಯಿ. ಎಡಗಾಲಿನ ಹೆಬ್ಬೆರಳಲ್ಲಿ ಗಾಯ ಇತ್ತು, ಡಾಕ್ಟರು ನೋಡಿ ಬೈದರು, ಪಟ್ಟಿ ಕಟ್ಟಿದ್ದಾರೆ. ಕಾಲು ಉಳಿಯುತ್ತದೆ ಎಂದಿದ್ದಾರೆ. ಇಷ್ಟು ಬರೆದ ಮೇಲೆ ಬರೆಯಲಿಕ್ಕೆ ಏನೂ ಉಳಿಯಲಿಲ್ಲ.

ಕೋಳಿಯ ಮಾತು ಬೇಡ ಎಂದು ನೀನು ಬರೆದೆ. ಅದನ್ನು ತೆಗೆದರೆ ನಮ್ಮ ಮಧ್ಯೆ ಇರುವುದು ನೀನು ಮನೆ ಬಿಟ್ಟು ಹೋದದ್ದು ಒಂದೇ. ನನ್ನ ಮಗ ತನ್ನ ಕಥೆ ಹೇಳಿದ, ಕೇಳಿಸಿಕೊಂಡೆ. ನಿನ್ನನ್ನು ಕೇಳಲಿಲ್ಲ. ಕೇಳಿದರೆ ನೀನು ಹೇಳಿಬಿಡುತ್ತೀಯ ಎಂಬ ಹೆದರಿಕೆ. ನೀನು ಹೇಳಿದರೆ ನನಗೆ ನಂಬದೆ ಇರಲಾಗುವುದಿಲ್ಲ, ಆಮೇಲೆ ಮಗನ ಮುಖ ನೋಡುವುದು ಹೇಗೆ ಎಂಬ ಹೆದರಿಕೆ. ಹೀಗೆ ಕೋಳಿಯ ಮಾತಾಡುತ್ತಾ ವರ್ಷಗಳನ್ನು ದೂಡಿದೆ.

ಈಗ ಕೇಳುತ್ತಿದ್ದೇನೆ. ಆ ಮನೆಯಲ್ಲಿ ನಿನಗೆ ಏನಾಯಿತು, ಮಗಳೇ? ಎಷ್ಟು ಉದ್ದವಾದರೂ ಸರಿ, ಬರಿ. ನಾನು ಓದುತ್ತೇನೆ.

ಮಾವ